ಪದಚರ್ಚೆ: ನಂಜಿಕೊಳ್ಳುವ ಪದಾರ್ಥಕ್ಕೆ ಒಂದು ಹೆಸರು

ಬಳಗದ ಎಲ್ಲರಿಗೂ ನಮಸ್ಕಾರ.

ನನಗೊಂದು ನಾಮಪದ ಬೇಕಾಗಿದೆ, ಅದೂ ಈ ಭಾನುವಾರದೊಳಗೆ.

ನಾವಿರುವುದು ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾದಲ್ಲಿ. ಇಲ್ಲಿನ ಎಲ್ ಕಮೀನೋ ರಿಯಲ್ ರಸ್ತೆಯ ಒಂದು ಭಾಗದಲ್ಲಿ ಕೊರಿಯನ್ನರ ಅಂಗಡಿ, ಹೋಟೆಲುಗಳು ಸಾಲಾಗಿವೆ. ಬುಧವಾರ ಕೆಲಸ ಮುಗಿಯುವಾಗ ಏಳು ದಾಟಿತ್ತು, ಒಲೆ ಹಚ್ಚುವ ಮನಸ್ಸಿರಲಿಲ್ಲ. ಅತ್ತೆಯವರನ್ನೂ ಮಗಳನ್ನೂ ಕರೆದುಕೊಂಡು, ಜೇಬಿಗೆ ಭಾರವಾಗದ ಒಂದು ಚಿಕ್ಕ ಹೋಟೆಲಿಗೆ ಹೋದೆ. ಹೇಳಿದ ತಿಂಡಿ ಬರುವ ಮೊದಲೇ ಬಡಿಸುವ ಹೆಂಗಸು ಆರು ಪುಟ್ಟ ಬಟ್ಟಲುಗಳನ್ನು ಮೇಜಿನ ನಡುವೆ ಇಟ್ಟು ಹೋದರು: ಎಳ್ಳೆಣ್ಣೆ ಹಾಕಿದ ಪಾಲಕ್, ಹಳದಿ ತಲೆಯ ಸೋಯಾ ಮೊಳಕೆ, ಖಾರ ಹಚ್ಚಿದ ಮೂಲಂಗಿ, ಸೋಯಾ ರಸದಲ್ಲಿ ಬತ್ತಿಸಿದ ಆಲೂಗಡ್ಡೆ, ಸೌತೆಕಾಯಿ, ಖಾರ ಹಚ್ಚಿ ಹುಳಿ ಬರಿಸಿದ ಕೋಸಿನ ಕಿಮ್ಚಿ. ಇವಕ್ಕೆ ಬೇರೆ ದುಡ್ಡಿಲ್ಲ. ಮುಗಿದರೆ ಮತ್ತೆ ತಂದುಕೊಡುತ್ತಾರೆ, ನಮ್ಮ ಪಂಕ್ತಿಯಲ್ಲಿ ಎರಡನೆಯ ಸಲ ವಿಚಾರಿಸಿಕೊಂಡು ಬರುವ ಹಾಗೆ. (ಕಿಮ್ಚಿಗೆ ಸಾಮಾನ್ಯವಾಗಿ ಉಪ್ಪಿನಲ್ಲಿಟ್ಟ ಸಿಗಡಿ ಅಥವಾ ಮೀನಿನ ರಸ ಬೀಳುವುದರಿಂದ ನಾವು ಅದನ್ನು ತಿನ್ನುವುದಿಲ್ಲ.)

ಇವೆಲ್ಲಕ್ಕೂ ಸೇರಿ ಕೊರಿಯನ್ ಭಾಷೆಯಲ್ಲಿ ಬಂಚನ್ ಎಂದು ಹೆಸರು. ಚೀನೀ ಮೂಲದ ಎರಡು ಪದಗಳು ಅದರಲ್ಲಿ ಕೂಡಿವೆ: ಬನ್ ಎಂದರೆ ಅನ್ನ, ಚನ್ ಎಂದರೆ ಅದರ ಜೊತೆಯ ತಿನಿಸು. ಹಳೆಯ ಪದ್ಧತಿಯಲ್ಲಿ ಊಟದ ಅಂತಸ್ತನ್ನು ಈ ಬಟ್ಟಲುಗಳ ಲೆಕ್ಕದಲ್ಲೇ ಹೇಳುತ್ತಿದ್ದರು: 3, 5, 7, 9, ಅರಮನೆಯಲ್ಲಿ 12. ಅನ್ನ, ಸಾರು, ಕಿಮ್ಚಿ ಆ ಲೆಕ್ಕಕ್ಕೆ ಸೇರುವುದಿಲ್ಲ.

ಮಗಳು ಕನ್ನಡ ತರಗತಿಗೆ ‘ಈ ವಾರ ಹೊರಗೆ ಉಂಡ ಊಟ’ ಎಂದು ಹತ್ತು ಸಾಲು ಬರೆಯಬೇಕು. “ಅಮ್ಮಾ, ಬಂಚನ್‌ಗೆ ಕನ್ನಡದಲ್ಲಿ ಏನನ್ನುತ್ತಾರೆ?” ಎಂದು ಕೇಳಿದಳು. ಅತ್ತೆಯವರದು ಧಾರವಾಡ, ಹಚ್ಚಿಕೊಂಡು ತಿನ್ನುವುದು ಎಂದರು. ಮೈಸೂರು ಕಡೆಯವಳಾದ ನನ್ನ ಬಾಯಿಗೆ ಬಂದದ್ದು ನಂಜಿಕೊಳ್ಳುವುದು. ಎರಡೂ ಕ್ರಿಯಾಪದಗಳೇ. ಅವಳಿಗೆ ಬೇಕಾದದ್ದು ‘ಮೇಜಿನ ಮೇಲೆ ಆರು … ಇದ್ದವು’ ಎಂಬಲ್ಲಿ ಕೂರುವ ಪದ.

ಕನ್ನಡ ಊಟದ ಪದಾರ್ಥಗಳನ್ನು ಕೈಯ ಕೆಲಸದಿಂದ ಗುರುತಿಸುತ್ತದೆ. ಸಾರು, ಹುಳಿ, ಗೊಜ್ಜು ಕಲಸಿಕೊಳ್ಳುವುದಕ್ಕೆ. ಪಲ್ಯ, ಉಪ್ಪಿನಕಾಯಿ, ಹಪ್ಪಳ ನಂಜಿಕೊಳ್ಳುವುದಕ್ಕೆ. ಮುದ್ದೆಯ ಪಕ್ಕದ ಈರುಳ್ಳಿ ಕಚ್ಚಿಕೊಳ್ಳುವುದಕ್ಕೆ. ಈ ಬಗೆ ನನಗೆ ಬಹಳ ಪ್ರಿಯ. ಅಂದು ನಾನು ತರಿಸಿದ್ದು ಬಿಬಿಂಬಪ್. ಬಿಬಿದಾ ಎಂದರೆ ಕಲಸು, ಬಪ್ ಎಂದರೆ ಅನ್ನ, ಅಂದರೆ ಕಲಸನ್ನ. ಕಾದ ಕಲ್ಲಿನ ಬೋಗುಣಿಯಲ್ಲಿ ಅನ್ನ ಚುರುಗುಟ್ಟುತ್ತಾ ಬಂತು, ಮೇಲೆ ಅದೇ ಪಾಲಕ್, ಅದೇ ಮೊಳಕೆ. ಬಟ್ಟಲಿನಲ್ಲಿದ್ದಾಗ ನಂಜಿಕೊಳ್ಳುತ್ತಿದ್ದದ್ದು, ಚಮಚ ಆಡಿದೊಡನೆ ಕಲಸಿಕೊಂಡದ್ದಾಯಿತು. ತಳ ಹತ್ತಿ ಗರಿಯಾದ ಅನ್ನವನ್ನು ಮಗಳು ಕೆರೆದು ಕೆರೆದು ತಿಂದಳು.

ಹೊಳೆದ ನಾಮಪದಗಳು ಒಂದೊಂದೂ ಎಲ್ಲೋ ತೊಡಕಿದವು. ಪಲ್ಯ ಎನ್ನಬಹುದು, ಧಾರವಾಡದ ಕಡೆ ಪಲ್ಯ ಎಂದರೆ ಸಂತೆಯ ಹಸಿ ಸೊಪ್ಪೂ ಹೌದು, ಬೇಯಿಸಿದ್ದೂ ಹೌದು. ಕೊರಿಯನ್ನಿನ ನಮುಲ್ ಕೂಡ ಹಾಗೆಯೇ ಎರಡಕ್ಕೂ ಸಲ್ಲುತ್ತದೆ, ಆದ್ದರಿಂದ ನಮುಲ್‌ಗೆ ಪಲ್ಯ ಸರಿಯಾದ ಜೋಡಿ. ಆದರೆ ಉಪ್ಪಿನಕಾಯಿಯನ್ನು ಪಲ್ಯ ಎನ್ನಲಾಗದು. ವ್ಯಂಜನ ಅರ್ಥದಲ್ಲಿ ಸರಿಯಾಗಿದೆ. ಸ್ವರದ ಆಸರೆಯಿಲ್ಲದೆ ವ್ಯಂಜನ ನಿಲ್ಲದು, ಅನ್ನದ ಆಸರೆಯಿಲ್ಲದೆ ಬಂಚನ್ ನಿಲ್ಲದು. ಆದರೂ ಹತ್ತು ವರ್ಷದ ಮಗು ‘ಆರು ವ್ಯಂಜನಗಳಿದ್ದವು’ ಎಂದು ಬರೆದರೆ ಓದುವವರಿಗೆ ಕಖಗಘ ನೆನಪಾಗುತ್ತದೆ. ಉಪಖಾದ್ಯ ಎಂಬ ಪದವನ್ನು ಯಾರೂ ಎಲೆಯ ಮುಂದೆ ಕೂತು ಆಡಿದ್ದನ್ನು ನಾನು ಕೇಳಿಲ್ಲ. ಸೈಡ್ ಡಿಶ್ ಎಂದು ಬರೆಸಲು ನನಗೆ ಮನಸ್ಸಿಲ್ಲ.

ಕ್ರಿಯಾಪದದ ಧಾತುವನ್ನೇ ನಾಮಪದ ಮಾಡೋಣವೆಂದರೆ ‘ನಂಜು’ ಎಂದರೆ ವಿಷ. ನಂಜುಂಡೇಶ್ವರನ ಹೆಸರಿನಲ್ಲಿರುವುದು ಅದೇ. ಗಾಯವಾದವರಿಗೆ ಬದನೆಕಾಯಿ ನಂಜು ಎಂದು ಮನೆಯಲ್ಲಿ ತಡೆಯುವುದೂ ಇದೆ. ಆದರೆ ನಂಚಿಕೊಳ್ಳು, ನೆಂಚಿಕೊಳ್ಳು ಎಂಬ ರೂಪಗಳೂ ಬಳಕೆಯಲ್ಲಿವೆಯಲ್ಲ? ಆ ಚಕಾರವನ್ನು ಹಿಡಿದರೆ, ಹಂಚುವುದರಿಂದ ಹಂಚಿಕೆ, ಹೊಂಚುವುದರಿಂದ ಹೊಂಚಿಕೆ ಆದಂತೆ, ನಂಚಿಕೆ ಆಗುತ್ತದೆ. ವಿಷದ ಸೋಂಕೂ ಇಲ್ಲ, ಕೈಯ ಕೆಲಸವೂ ಪದದಲ್ಲಿ ಉಳಿಯುತ್ತದೆ.

ನಿಮ್ಮಲ್ಲಿ ಕೇಳುವುದು ಇಷ್ಟು. ನಂಚಿಕೆ, ನೆಂಚಿಕೆ ಅಥವಾ ಇಂಥದೇ ನಾಮಪದ ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಇದೆಯೇ? ಇದ್ದರೆ ಯಾವ ಊರು, ಯಾವ ಪದಾರ್ಥಕ್ಕೆ? ಕರಾವಳಿಯವರೂ ಕಲಬುರಗಿ ಕಡೆಯವರೂ ದಯವಿಟ್ಟು ಬರೆಯಿರಿ. ಉಪ್ಪಿನಕಾಯಿಯನ್ನೂ ಪಲ್ಯವನ್ನೂ ಒಂದೇ ಪದ ಒಳಗೊಳ್ಳುತ್ತದೆಯೇ ಎಂಬುದು ನನಗೆ ಮುಖ್ಯ.

ಸದ್ಯಕ್ಕೆ ಮಗಳು ‘ಮೇಜಿನ ಮೇಲೆ ಆರು ನಂಚಿಕೆಗಳಿದ್ದವು’ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾಳೆ. ಶನಿವಾರ ರಾತ್ರಿ ಪೆನ್ನಿನಲ್ಲಿ ತಿದ್ದಿ ಬರೆಯುತ್ತಾಳೆ.