ಸಹಾಯ ಬೇಕು: ಆಡಿಟ್‌ನವರಿಗೆ ನಿಜ ಹೇಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಮುಂದಿನ ವಾರ ನಮ್ಮ ಬಟ್ಟೆ ಕೊಳ್ಳುವ ವಿದೇಶಿ ಬಯ್ಯರ್ ಕಡೆಯಿಂದ ಆಡಿಟ್ ಇದೆ, ಅಂದರೆ ಕಾರ್ಮಿಕರ ಸುರಕ್ಷತೆ, ಕೂಲಿ ಸರಿ ಇದೆಯಾ ಅಂತ ತಪಾಸಣೆ. ಸದಾ ಬೀಗ ಹಾಕಿರುತ್ತಿದ್ದ ಹಿಂಬಾಗಿಲನ್ನು ನಿನ್ನೆ ತೆರೆಸಿದರು, ಅಡ್ಡ ಇಟ್ಟಿದ್ದ ರಟ್ಟಿನ ಪೆಟ್ಟಿಗೆಗಳನ್ನೂ ತೆಗೆಸಿದರು. "ಕೇಳಿದರೆ ಓಟಿ (ಓವರ್‌ಟೈಮ್) ಇಲ್ಲ ಅನ್ನಿ" ಎಂದು ಸೂಪರ್‌ವೈಸರ್ ಪ್ರತಿ ಲೈನಿಗೂ ಬಂದು ಹೇಳಿಕೊಟ್ಟರು. ಕಾನೂನು ಪ್ರಕಾರ ಓಟಿಗೆ ಡಬಲ್ ಕೂಲಿ ಕೊಡಬೇಕು ಅಲ್ವಾ? ನಮಗೆ ಸಿಂಗಲ್ ಕೂಡ ಸರಿಯಾಗಿ ಬರುತ್ತಿಲ್ಲ.

ಸುಮ್ನೆ ಇರಲು ಮನಸ್ಸು ಒಪ್ಪುತ್ತಿಲ್ಲ. 2012ರಲ್ಲಿ ಪಾಕಿಸ್ತಾನದ ಕರಾಚಿಯ ಅಲಿ ಎಂಟರ್‌ಪ್ರೈಸಸ್ ಅನ್ನೋ ಗಾರ್ಮೆಂಟ್ಸ್‌ಗೆ ಇಂಥದ್ದೇ ಆಡಿಟ್ ಆಗಿ ಎಸ್‌ಎ8000 (ಕಾರ್ಮಿಕರ ಸ್ಥಿತಿ ಚೆನ್ನಾಗಿದೆ ಅನ್ನೋ) ಸರ್ಟಿಫಿಕೇಟ್ ಸಿಕ್ಕ ಕೆಲವೇ ವಾರಗಳಲ್ಲಿ ಬೆಂಕಿ ಬಿದ್ದು 250ಕ್ಕೂ ಜಾಸ್ತಿ ಜನ ಸತ್ತರು.

ಆಡಿಟರ್ ಜೊತೆ ಫ್ಯಾಕ್ಟರಿ ಹೊರಗೆ ಮಾತಾಡಲು ದಾರಿ ಇದೆಯಾ? ಹೆಸರು ಹೇಳದೆ ಬಯ್ಯರ್‌ಗೆ ದೂರು ಕೊಟ್ಟವರು, ಯೂನಿಯನ್‌ನಲ್ಲಿ ಇರುವವರು ದಯವಿಟ್ಟು ತಿಳಿಸಿ. ಓಟಿ ಗಂಟೆಗಳನ್ನು ದಿನಾ ಬರೆದಿಟ್ಟ ನೋಟ್‌ಬುಕ್ ನನ್ನ ಹತ್ತಿರ ಇದೆ. ಅದು ಸಾಕ್ಷಿ ಆಗುತ್ತಾ?