ಸಹಾಯ ಬೇಕು: ಕಂಪನಿಗೆ ಬಂದ ಬಾಕಿ ನೋಟಿಸಿಗೆ ತಕರಾರು ಹೇಗೆ?

ನಮಸ್ಕಾರ. ದಾವಣಗೆರೆಯಲ್ಲಿ ನಮ್ಮದು ಪಶು ಆಹಾರ ತಯಾರಿಸುವ ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ. ಮೆಕ್ಕೆಜೋಳ ಪೂರೈಸಿದ ವ್ಯಾಪಾರಿಯೊಬ್ಬರು 1.18 ಕೋಟಿ ರೂಪಾಯಿ ಬಾಕಿ ಎಂದು 2016ರ ದಿವಾಳಿ ಸಂಹಿತೆಯ 8ನೇ ಸೆಕ್ಷನ್ ಅಡಿ ನೋಟಿಸ್ ಕಳಿಸಿದ್ದಾರೆ. 10 ದಿನದೊಳಗೆ ಹಣ ಕೊಡಬೇಕು, ಇಲ್ಲವೇ ತಕರಾರು ತಿಳಿಸಬೇಕು. ಗಡುವು ಹತ್ತಿರವಾಗಿದೆ.

ಹಣ ತಡೆಹಿಡಿದದ್ದು ಸುಮ್ಮನೆ ಅಲ್ಲ. ಲಾರಿಯಿಂದ ಇಳಿಸುವಾಗಲೇ ಚೀಲದೊಳಗೆ ಕೈ ಹಾಕಿದರೆ ಬಿಸಿ ತಟ್ಟುತ್ತಿತ್ತು, ಕಾಳಿಗೆ ಹಸಿರು ಬೂಷ್ಟು ಹಿಡಿದಿತ್ತು. ಫೋಟೊ, ತೇವಾಂಶದ ಚೀಟಿ ಎಲ್ಲವನ್ನೂ ಅಂದೇ ವಾಟ್ಸ್‌ಆಪ್‌ನಲ್ಲಿ ಕಳಿಸಿದ್ದೆವು. 'ಲೆಕ್ಕದಲ್ಲಿ ಸರಿಮಾಡೋಣ' ಎಂದವರೇ ಈಗ ಬಡ್ಡಿ ಸೇರಿಸಿ ಕೇಳುತ್ತಿದ್ದಾರೆ. ಅಸಲು 94 ಲಕ್ಷ ಮಾತ್ರ. ಬಡ್ಡಿಯ ಮಾತು ಬಿಲ್ಲಿನ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿದೆ!

ಇಲ್ಲಿ ಒಬ್ಬ ವಕೀಲರು ಸಿವಿಲ್ ಕೋರ್ಟಿನಿಂದ ತಡೆಯಾಜ್ಞೆ ತರೋಣ ಎನ್ನುತ್ತಾರೆ. ಇನ್ನೊಬ್ಬರು, ಇದು ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿಯ ವಿಷಯ, ಸಿವಿಲ್ ಕೋರ್ಟಿಗೆ ಅಧಿಕಾರವೇ ಇಲ್ಲ ಎನ್ನುತ್ತಾರೆ. ನೋಟಿಸಿಗೆ ಮೊದಲೇ ನಿಜವಾದ ವಿವಾದವಿದ್ದರೆ ಸಾಕು, ಮೊಕದ್ದಮೆ ಹೂಡಿರಲೇಬೇಕಿಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದನ್ನು ಓದಿದ್ದೇನೆ.

ಇಂಥ ಪ್ರಕರಣ ನಡೆಸಿದವರು ದಯವಿಟ್ಟು ತಿಳಿಸಿ: ವಿವಾದ ಮೊದಲೇ ಇತ್ತು ಎನ್ನಲು ಆ ವಾಟ್ಸ್‌ಆಪ್ ಸಂದೇಶಗಳು ಸಾಕೇ? ದಿವಾಳಿ ಅರ್ಜಿ ಹಾಕಲು ಬಾಕಿ ಕನಿಷ್ಠ 1 ಕೋಟಿ ಇರಬೇಕಲ್ಲ, ಆ ಮಿತಿಗೆ ಬಡ್ಡಿಯನ್ನೂ ಕೂಡಿಸುತ್ತಾರೆಯೇ?