ಬರ್ಬನ್, ರೈ (ಎರಡೂ ಅಮೆರಿಕದ ವಿಸ್ಕಿ) ಕಲೆಕ್ಷನ್ ಶುರು ಮಾಡೋರು ಮೊದ್ಲು ಏನು ತಗೋಬೇಕು?

ಬೆಣ್ಣೆದೋಸೆ_ಓಹಾಯೊ:
ಸಿನ್ಸಿನಾಟಿಗೆ ಬಂದ್ಮೇಲೆ ಈ ಹುಚ್ಚು ಹತ್ಕೊಂಡಿದೆ. ಊರಲ್ಲಿದ್ದಾಗ ಸ್ಕಾಚು, ಅಮೃತ್ ಫ್ಯೂಷನ್ನು ಬಿಟ್ರೆ ಬೇರೆ ಗೊತ್ತಿರ್ಲಿಲ್ಲ. ಇಲ್ಲಿ ಆಫೀಸಿನವರ ಮನೆಗೆ ಹೋದ್ರೆ ಬೇಸ್‌ಮೆಂಟಲ್ಲಿ ಗೋಡೆ ತುಂಬ ಬಾಟ್ಲು, ಅರ್ಧಕ್ಕರ್ಧ ಸೀಲೇ ಒಡೆದಿಲ್ಲ. ಒಬ್ರಂತೂ ಬ್ಲಾಂಟನ್ಸ್ ಅನ್ನೋ ಬರ್ಬನ್ನಿನ ಕಾರ್ಕಿನ ಮೇಲೆ ಕುದುರೆ ಸವಾರ ಇರ್ತಾನಲ್ಲ, ಅದ್ರಲ್ಲಿ ಎಂಟು ಥರ, ಒಂದೊಂದರಲ್ಲೂ ಹೆಸರಿನ ಒಂದೊಂದಕ್ಷರ, ಅದ್ನ ಜೋಡಿಸ್ತಾ ಕೂತಿದಾರೆ, ಎರಡನೇ ಎನ್ ಸಿಕ್ತಿಲ್ಲ ಅಂತ ಒಂದೇ ಗೋಳು. ನಂಗೆ ಅಷ್ಟೆಲ್ಲಾ ಬೇಡ, ಐದಾರು ಬಾಟ್ಲು ಇಟ್ಕೊಂಡು ರುಚಿ ಗುರುತು ಹಿಡಿಯೋದು ಕಲೀಬೇಕು. ಇನ್ನೊಂದು, ರೈ ಅಂದ್ರೆ ಖಾರ ಖಾರ ಅಂತಾರೆ, ರಿಟನ್‌ಹೌಸ್ ಅನ್ನೋ ರೈ ತಂದು ಕುಡಿದೆ, ನಂಗೇನೋ ಬರ್ಬನ್ ಥರಾನೇ ಅನ್ನಿಸ್ತು, ನಾಲಿಗೆ ಕೆಟ್ಟಿದ್ಯಾ? ಡಿಸೆಂಬರಲ್ಲಿ ಬೆಂಗ್ಳೂರಿಗೆ ಹೋಗ್ತಿದೀನಿ, ಮಾವನಿಗೂ ಏನಾದ್ರೂ ಒಯ್ಯಬೇಕು.

ಕೆಂಟಕಿ_ಕುಂದಾಪ್ರ:
ನಾಲಿಗೆ ಸರಿಯಾಗೇ ಉಂಟು ಮಾರಾಯ್ರೆ. ರೈ ಅನ್ನಿಸ್ಕೊಳ್ಳೋಕೆ ಕಾನೂನು ಕೇಳೋದು 51% ರೈ ಧಾನ್ಯ ಅಷ್ಟೇ, ಬರ್ಬನ್‌ಗೆ 51% ಮೆಕ್ಕೆಜೋಳ, ಎರಡಕ್ಕೂ ಒಳಗೆ ಸುಟ್ಟ ಹೊಸ ಓಕ್ ಪೀಪಾಯಿ. ರಿಟನ್‌ಹೌಸ್ ಆ 51ರ ಗೆರೆ ಮೇಲೇ ನಿಂತಿರೋದು, ಮಿಕ್ಕಿದ್ರಲ್ಲಿ ಬಹುಪಾಲು ಮೆಕ್ಕೆಜೋಳ, ಮತ್ತೆ ಬರ್ಬನ್ ಥರ ಅನ್ನಿಸದೆ ಏನು. ಈಗ ಅದರ ಪಕ್ಕಕ್ಕೆ ಬುಲೆಟ್ ರೈ ಇಟ್ಟು ನೋಡಿ, ಅದು 95% ರೈ, 5% ಬಾರ್ಲಿ ಮಾಲ್ಟ್. ಮೂಗಿಗೆ ಹಿಡಿದ ಕೂಡ್ಲೇ ಪುದೀನ, ಹಿಂದೇನೇ ಆಗತಾನೆ ಹೆಚ್ಚಿಟ್ಟ ಸಬ್ಬಸಿಗೆ ಸೊಪ್ಪು. ಒಂದ್ಸಲ ಪತ್ತೆ ಆಯ್ತು ಅಂದ್ರೆ ಆಮೇಲೆ ಯಾವ ಬಾಟ್ಲಲ್ಲಿ ಅಡಗಿದ್ರೂ ಸಿಕ್ಕಿಬೀಳುತ್ತೆ.

ಆ 95-5 ಬಟ್ಟಿ ಇಳಿಸೋದು ನಿಮ್ಮ ಪಕ್ಕದೂರಲ್ಲೇ, ಇಂಡಿಯಾನಾದ ಲಾರೆನ್ಸ್‌ಬರ್ಗಲ್ಲಿ, ಎಂಜಿಪಿ ಅನ್ನೋ ಕಂಪನಿಯವರು, ಹಳೇ ಸೀಗ್ರಾಮ್ ಪ್ಲಾಂಟು ಅದು. ಅಲ್ಲಿಂದ ಮಾಲು ತಗೊಂಡು ತಮ್ಮ ಲೇಬಲ್ ಅಂಟಿಸಿ ಮಾರೋ ಬ್ರ್ಯಾಂಡು ಲೆಕ್ಕ ಇಲ್ಲ. ಬಾಟ್ಲು ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿ, ಡಿಸ್ಟಿಲ್ಡ್ ಇನ್ ಇಂಡಿಯಾನಾ ಅಂತಿದ್ರೆ ಮುಂದಿನ ಲೇಬಲಲ್ಲಿರೋ ಮುತ್ತಜ್ಜನ ರೆಸಿಪಿ ಕಥೆ ಎಲ್ಲ ಪಕ್ಕಕ್ಕಿಡಿ. ಮಾಲು ಚೆನ್ನಾಗೇ ಇರುತ್ತೆ, ಅಜ್ಜನಿಗೆ ಅಂತ ಜಾಸ್ತಿ ದುಡ್ಡು ಕೊಡ್ಬೇಡಿ ಅಷ್ಟೆ. (ಜಿಪಿಎಸ್‌ಗೆ ಹಾಕೋವಾಗ ಹುಷಾರು, ಕೆಂಟಕಿಯಲ್ಲೂ ಒಂದು ಲಾರೆನ್ಸ್‌ಬರ್ಗ್ ಉಂಟು, ವೈಲ್ಡ್ ಟರ್ಕಿ, ಫೋರ್ ರೋಸಸ್ ಇರೋದು ಅಲ್ಲಿ.)

ಬರ್ಬನ್ನಲ್ಲಿ ಮೂರು ತಗೊಳ್ಳಿ. ಮೇಕರ್ಸ್ ಮಾರ್ಕಲ್ಲಿ ರೈ ಇಲ್ವೇ ಇಲ್ಲ, ಅದರ ಜಾಗಕ್ಕೆ 16% ಗೋಧಿ. ವೈಲ್ಡ್ ಟರ್ಕಿ 101ರಲ್ಲಿ ರೈ 13%, ಫೋರ್ ರೋಸಸ್ ಸಿಂಗಲ್ ಬ್ಯಾರೆಲಲ್ಲಿ 35%. ಮೂರನ್ನೂ ಒಂದೇ ಸಂಜೆ ಪಕ್ಕಪಕ್ಕ ಇಟ್ಟು ಸ್ವಲ್ಪ ಸ್ವಲ್ಪ ಹಾಕ್ಕೊಳ್ಳಿ, ಆದ್ರೆ ಒಂದು ವಿಷ್ಯ, ಮೇಕರ್ಸ್ 90 ಪ್ರೂಫು (ಪ್ರೂಫ್ ಅಂದ್ರೆ ಆಲ್ಕೋಹಾಲ್ ಶೇಕಡಾದ ಎರಡರಷ್ಟು), ಮಿಕ್ಕೆರಡು 101, 100, ಹಂಗೇ ಕುಡಿದ್ರೆ ಆಲ್ಕೋಹಾಲ್ ಉರಿಯನ್ನೇ ರೈ ಖಾರ ಅಂದ್ಕೊಂಡ್ಬಿಡ್ತೀರಿ. ಆ ಎರಡಕ್ಕೂ 30 ಎಂಎಲ್‌ಗೆ ಮುಕ್ಕಾಲು ಟೀ ಸ್ಪೂನ್ ನೀರು ಬಿಟ್ರೆ ಮೂರೂ ಹೆಚ್ಚುಕಮ್ಮಿ ಸಮಕ್ಕೆ ಬರುತ್ತೆ, ಆಗ ಉಳಿಯೋ ವ್ಯತ್ಯಾಸ ಧಾನ್ಯದ್ದು, ಯೀಸ್ಟಿಂದು, ಪೀಪಾಯಿದು. ಮೂಗು ಗ್ಲಾಸೊಳಗೆ ತೂರಿಸ್ಬೇಡಿ, ಬಾಯಿ ಚೂರು ತೆರೆದು ಮೂಸಿ. ಮತ್ತೆ ರಾತ್ರಿ ಖಾಲಿಯಾದ ಗ್ಲಾಸು ತೊಳೀಬೇಡಿ, ಬೆಳಿಗ್ಗೆ ಮೂಸಿದ್ರೆ ಬರೀ ಓಕು, ಜೋನಿಬೆಲ್ಲ. ಬಣ್ಣವೂ ಪೀಪಾಯಿದೇ, ಬರ್ಬನ್‌ಗೆ ನೀರು ಬಿಟ್ಟು ಮತ್ತೇನೂ ಬೆರೆಸೋ ಹಾಗಿಲ್ಲ.

ಮಂಡ್ಯ_ಟು_ಮಿಚಿಗನ್:
ಕುದುರೆ ಸವಾರಿ ಸಹವಾಸ ಬೇಡ ಗುರು. ಎಂಟು ಬಾಟ್ಲಲ್ಲೂ ಒಂದೇ ರೆಸಿಪಿ, ಬರೀ ಕಾರ್ಕ್ ಬೇರೆ. ಜೋಡಿಸ್ಲೇಬೇಕು ಅನ್ನೋ ಚಟ ಇದ್ರೆ ಫೋರ್ ರೋಸಸ್ ಜೋಡ್ಸು, ಅವರದು ಎರಡು ಮ್ಯಾಶ್ ಬಿಲ್ಲು (ಅಂದ್ರೆ ಧಾನ್ಯಗಳ ಪ್ರಮಾಣ), ಐದು ಯೀಸ್ಟು, ಒಟ್ಟು ಹತ್ತು ರೆಸಿಪಿ, ಅಂಗಡಿಯವರು ಪೀಪಾಯಿ ಆರಿಸಿ ತರಿಸಿರೋ ಬಾಟ್ಲು ಸಿಕ್ರೆ ಲೇಬಲ್ ಮೇಲೆ ಓಬಿಎಸ್‌ವಿ, ಓಇಎಸ್‌ಕೆ ಅಂತ ಕೋಡ್ ಇರುತ್ತೆ, ನಡುವಿನ ಬಿ ಅಂದ್ರೆ 35% ರೈ, ಇ ಅಂದ್ರೆ 20%, ಕೊನೇ ಅಕ್ಷರ ಯೀಸ್ಟು. ಕುಡಿದ್ರೂ ಏನೋ ಕಲಿತಂಗಾಯ್ತು.

ವೆಲ್ಲರ್ ಹಿಂದೆ ಓಡೋದೂ ಅಷ್ಟೇ ಕಥೆ. ಎಲ್ರೂ ಹುಡುಕೋ ಪ್ಯಾಪಿ ವ್ಯಾನ್ ವಿಂಕಲ್ ಥರಾನೇ ಇದೂ ಬಫಲೋ ಟ್ರೇಸ್ ಡಿಸ್ಟಿಲರಿಯ ಗೋಧಿ ಬರ್ಬನ್ನು ಅಂತ ಗೊತ್ತಾಗಿದ್ದೇ ತಡ ಜನ ಮುಗಿಬಿದ್ರು. ಓಹಾಯೊದಲ್ಲಿ ರೇಟು ಸರ್ಕಾರದ್ದು, ಸಿಕ್ರೆ ಆ ರೇಟಿಗೆ ತಗೋ, ಸಿಗ್ಲಿಲ್ಲ ಅಂದ್ರೆ ಬಿಡು. ಫೇಸ್‌ಬುಕ್ ಗುಂಪಲ್ಲಿ ಮಾರೋರ ಹತ್ರ ಮಾತ್ರ ಹೋಗ್ಬೇಡ, ಲೈಸೆನ್ಸ್ ಇಲ್ದೆ ಮಾರೋದೇ ತಪ್ಪು, ಮೇಲಾಗಿ ಖಾಲಿ ಬಾಟ್ಲಿಗೆ ಏನೋ ತುಂಬಿ ಸೀಲ್ ಹಾಕೋ ಕಳ್ರೂ ಇದಾರೆ.

ಧೂಳು_ಬಾಟ್ಲಿ:
ಸೀಲ್ ಒಡೆಯದೆ ಇಟ್ಕೊಂಡೋರೆಲ್ಲ ಪೆದ್ದರು ಅನ್ನೋ ಥರ ಮಾತಾಡ್ಬೇಡಿ ಸ್ವಾಮಿ. ಸ್ಟಿಟ್ಜೆಲ್-ವೆಲ್ಲರ್ ಡಿಸ್ಟಿಲರಿ 1992ರಲ್ಲಿ ಬಟ್ಟಿ ಇಳಿಸೋದು ನಿಲ್ಲಿಸ್ತು, ಅಲ್ಲಿಯ ಓಲ್ಡ್ ಫಿಟ್ಜೆರಾಲ್ಡ್ ಬರ್ಬನ್ ಇನ್ನೊಂದ್ಸಲ ಯಾರೂ ಮಾಡಲ್ಲ, ಯಾರೋ ಎತ್ತಿಟ್ಟಿದ್ರಿಂದಲೇ ಇವತ್ತು ಒಂದು ಗುಟುಕು ಸಿಗ್ತಿರೋದು. ಹಾಗಂತ ಹೊಸದು ತಂದು ಇಟ್ರೆ ಅದು ಹಳೇದಾಗಲ್ಲ, ಗಾಜಿನೊಳಗೆ ವಿಸ್ಕಿ ಬಲಿಯಲ್ಲ. ಹಳೇ ಬಾಟ್ಲಿನ ಕಾಲ ಹೇಳೋದು ಸುಲಭ, 4/5 ಕ್ವಾರ್ಟ್ ಅಂತ ಬರೆದಿದ್ರೆ 1980ಕ್ಕಿಂತ ಮುಂಚಿಂದು, ಆ ವರ್ಷದಿಂದ ಮಿಲಿಲೀಟರ್ ಕಡ್ಡಾಯ ಆಯ್ತು. ಕೆಂಟಕಿಯಲ್ಲಿ 2018ರಿಂದ ಲೈಸೆನ್ಸ್ ಇರೋ ಅಂಗಡಿ, ಬಾರುಗಳು ಮನೆಯವರ ಹತ್ರ ಹಳೇ ಬಾಟ್ಲು ಕೊಂಡು ಮಾರ್ಬೋದು, ಪೂರ್ತಿ ಬಾಟ್ಲು ಕೊಳ್ಳೋ ಬದಲು ಅಲ್ಲಿ ಒಂದು ಪೆಗ್ ಕುಡಿದು ಬನ್ನಿ. ಇಡೋದು ನಿಲ್ಲಿಸಿಯೇ ಇಡಿ, ವೈನ್ ಥರ ಮಲಗಿಸಿದ್ರೆ ಆಲ್ಕೋಹಾಲು ಕಾರ್ಕ್ ತಿನ್ನುತ್ತೆ. ಬಿಸಿಲು ಬೀಳ್ಬಾರ್ದು.

ಜಯನಗರ_ಕಾಫಿ:
ಬೆಂಗ್ಳೂರಿಗೆ ತರೋ ವಿಚಾರ ಯಾರೂ ಹೇಳ್ಲಿಲ್ಲ. ಡ್ಯೂಟಿ ಇಲ್ದೆ ತಲಾ 2 ಲೀಟರ್, 750ರ ಎರಡು ಬಾಟ್ಲಿಗೆ ಒಂದೂವರೆ, ಮೂರನೇದು ಸೇರಿದ್ರೆ ಎರಡೂಕಾಲು ಆಗಿ ಲೆಕ್ಕ ದಾಟುತ್ತೆ, ಅದನ್ನ ಹೆಂಡತಿ ಪಾಲಿಗೆ ಹಾಕಿ. ಚೆಕ್‌ಇನ್ ಬ್ಯಾಗಲ್ಲಿ 70% ಮೀರಿದ್ದು ಹೋಗಲ್ಲ, ಅಂದ್ರೆ 140 ಪ್ರೂಫ್ ದಾಟಿದ ಬ್ಯಾರೆಲ್ ಪ್ರೂಫು (ಪೀಪಾಯಿಯಿಂದ ನೀರು ಬೆರೆಸದೆ ತುಂಬಿದ್ದು) ಅಲ್ಲೇ ಬಿಟ್ಟು ಬನ್ನಿ. 2025ರ ಫೆಬ್ರವರಿಲಿ ಬರ್ಬನ್ ಮೇಲಿನ ಆಮದು ಸುಂಕ 150ರಿಂದ 100%ಗೆ ಇಳಿಸಿದ್ರು, ಅದ್ರ ಮೇಲೆ ರಾಜ್ಯದ ಅಬಕಾರಿ ಬೇರೆ ಇದ್ದೇ ಇದೆ, ಅದಕ್ಕೇ ಇಲ್ಲಿ ಮಾಮೂಲಾಗಿ ಸಿಗೋದನ್ನ ಹೊತ್ತು ತರಬೇಡಿ, ಸಿಗದೇ ಇರೋದು ತನ್ನಿ.

ಬೆಣ್ಣೆದೋಸೆ_ಓಹಾಯೊ:
ಎಲ್ರಿಗೂ ಥ್ಯಾಂಕ್ಸ್, ಬುಲೆಟ್ ರೈ ಇವತ್ತೇ ತರ್ತೀನಿ. ಮಾವ ಮಾತ್ರ ಸೋಡಾ ಇಲ್ದೆ ಮುಟ್ಟಲ್ಲ, ಅವರಿಗೆ ಸಿಂಗಲ್ ಬ್ಯಾರೆಲ್ ಒಯ್ದು ಏನು ಪ್ರಯೋಜನ?

ಕೆಂಟಕಿ_ಕುಂದಾಪ್ರ:
ಓಲ್ಡ್ ಗ್ರ್ಯಾಂಡ್-ಡ್ಯಾಡ್ ಬಾಂಡೆಡ್ ಒಯ್ಯಿರಿ, ರೇಟೂ ಕಮ್ಮಿ. ಬಾಂಡೆಡ್ ಅಂದ್ರೆ 1897ರ ಕಾಯ್ದೆ, ಒಂದೇ ಡಿಸ್ಟಿಲರಿ, ಒಂದೇ ಸೀಸನ್ನು, ಕನಿಷ್ಠ 4 ವರ್ಷ, ಸರಿಯಾಗಿ 100 ಪ್ರೂಫ್. ರೈ 27% ಇರೋದ್ರಿಂದ ಸೋಡಾ ಹೊಯ್ದ್ರೂ ರುಚಿ ಸಾಯಲ್ಲ. ಅವರು ಐಸೂ ಹಾಕ್ಕೊಳ್ಳೋರಾದ್ರೆ ಸೋಡಾ ಒಂಚೂರು ಕಮ್ಮಿ ಮಾಡೋಕೆ ಹೇಳಿ, ಅಳಿಯನ ಮಾತು ಕೇಳ್ತಾರೋ ಇಲ್ವೋ ಅದು ನಿಮ್ಮ ಹಣೆಬರಹ.